ದೊಮ್ನಿಕಾಳ ದ್ರೋಬ್ ತಿಂದವರು

ನಮ್ಮೂರಿನಲ್ಲಿ ಮಕ್ಕಳಿಲ್ಲದವರು ಬದುಕಿರುವಾಗಲೇ ತಮ್ಮ ತಿಥಿಯನ್ನು ತಾವೇ ಮಾಡಿಕೊಳ್ಳುವುದುಂಟು. ಅಂಗಳದಲ್ಲಿ ಬೆಂಚು ಹಾಕಿ ಊರವರನ್ನು ಕರೆಯುತ್ತಾರೆ. ಒಬ್ಬೊಬ್ಬರ ಕೈಗೂ ಹೆಣೆದ ರೊಟ್ಟಿ, ಮಣ್ಣಿನ ಲೋಟ, ಹಚ್ಚಿದ ಮೇಣದಬತ್ತಿ ಕೊಟ್ಟು "ಇಲ್ಲಿ ನಿನಗೆ, ಅಲ್ಲಿ ನನಗೆ" ಎನ್ನುತ್ತಾರೆ. ತೆಗೆದುಕೊಂಡವರು "ದೇವರು ಕ್ಷಮಿಸಲಿ" ಎಂದು ಹೇಳಿ ಉಣ್ಣಬೇಕು. ಅವರು ಉಂಡದ್ದಷ್ಟೇ ಆ ಲೋಕಕ್ಕೆ ಮುಟ್ಟುತ್ತದೆ, ತಟ್ಟೆಯಲ್ಲಿ ಬಿಟ್ಟದ್ದು ಮುಟ್ಟುವುದಿಲ್ಲ ಎಂದು ನಮ್ಮ ಹೆಂಗಸರ ನಂಬಿಕೆ. ಪಾದ್ರಿ ಇರಿಮಿಯಾ ಇದನ್ನು ಒಪ್ಪುವುದಿಲ್ಲ. ಆದರೆ ಕರೆದವರ ಮನೆಗೆ ಬಂದು, ಪ್ರಾರ್ಥನೆ ಹೇಳಿ, ಊಟ ಮಾಡಿಕೊಂಡೇ ಹೋಗುತ್ತಾರೆ.

ನಮ್ಮ ಪಕ್ಕದ ಮನೆಯ ದೊಮ್ನಿಕಾ ಅಂಥದೊಂದು ತಿಥಿಗೆ ದಿನ ಗೊತ್ತು ಮಾಡಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅವಳ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿತ್ತು. ಸೋಮವಾರ ಬೆಳಿಗ್ಗೆ ಆಪರೇಷನ್ನಿಗೆಂದು ದೊಡ್ಡಾಸ್ಪತ್ರೆಗೆ ಸೇರಬೇಕಿತ್ತು. ಉಳಿಯುವುದು ಅರ್ಧ, ಹೋಗುವುದು ಅರ್ಧ ಎಂದು ಡಾಕ್ಟರು ಹೇಳಿದ್ದರಂತೆ. ಅದರಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದು ಅರ್ಧ ಮಾತ್ರ.

"ಹೋದೋಳು ವಾಪಸ್ ಬರ್ತೀನೋ ಇಲ್ವೋ ವೆತಾ. ಬರದಿದ್ರೆ ನನಗೆ ಮಾಡೋರು ಯಾರಿದ್ದಾರೆ?" ಎಂದು ನನ್ನ ಅಮ್ಮನ ಹತ್ತಿರ ಅತ್ತಿದ್ದಳು.

"ನಾವೇನು ಸತ್ತಿದ್ದೀವಾ ಅಕ್ಕ?"

"ನೀನು ಮಾಡ್ತೀಯ, ಒಂದು ವರ್ಷ. ಆಮೇಲೆ ನಿನ್ನ ಮನೆಯ ಸತ್ತವರೇ ನಿನಗೆ ಸಾಕಾಗಿರ್ತಾರೆ."

ಅದು ನಿಜವೇ ಆಗಿತ್ತು.

ದೊಮ್ನಿಕಾ ಕಲ್ಲಿದ್ದಲ ಗಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿಯೇ ಮುದುಕಿಯಾದವಳು. ದಪ್ಪ ಮೈ, ದೊಡ್ಡ ಗಂಟಲು. ನೂರಾರು ಜನರಿಗೆ ಬಡಿಸಿದ ಕೈ ಅದು. ಒಬ್ಬರಿಗೆ ಬಡಿಸುವುದು ಅದಕ್ಕೆ ಕೊನೆಗೂ ಅಭ್ಯಾಸವಾಗಲಿಲ್ಲ. ಗಂಡ ನಿಸ್ತೋರ್ ತೀರಿಕೊಂಡ ಮೇಲೂ ಅವಳ ಮನೆಯ ಸೂಪಿನ ಪಾತ್ರೆ ಚಿಕ್ಕದಾಗಲಿಲ್ಲ. ಉಳಿದದ್ದು ಬೇಲಿಯ ಮೇಲಿಂದ ನಮ್ಮ ಮನೆಗೆ ಬರುತ್ತಿತ್ತು. ನಿಸ್ತೋರನ ಹೆಸರಿನ ಒಂದು ತಿಥಿಯನ್ನೂ ಅವಳು ತಪ್ಪಿಸಲಿಲ್ಲ.

ಅವಳ ಕೈಯಡುಗೆಯಲ್ಲಿ ಹೆಸರು ಮಾಡಿದ್ದು ದ್ರೋಬ್. ಕುರಿಮರಿಯ ಕಾರ್ಜ, ಗುಂಡಿಗೆ, ಪುಪ್ಪುಸಗಳನ್ನು ಬೇಯಿಸಿ ಕೊಚ್ಚಿ, ಅದಕ್ಕೆ ಹಸಿ ಈರುಳ್ಳಿ, ಎಳೆ ಬೆಳ್ಳುಳ್ಳಿಯ ಗರಿ, ಕೈತುಂಬ ಸಬ್ಬಸಿಗೆ ಸೊಪ್ಪು ಬೆರೆಸಿ, ಮೊಟ್ಟೆ ಒಡೆದು ಹಾಕಿ, ಮರಿಯ ಹೊಟ್ಟೆಯ ಕೊಬ್ಬಿನ ಪೊರೆಯಲ್ಲಿ ಸುತ್ತಿ ಒಲೆಯಲ್ಲಿ ಬೇಯಿಸುವ ಉದ್ದನೆಯ ಮಾಂಸದ ದಿಂಡು ಅದು. ಈಸ್ಟರಿಗೆ ಎಲ್ಲರ ಮನೆಯಲ್ಲೂ ಆಗುತ್ತದೆ. ಆದರೆ ನಮ್ಮ ಮನೆಯದು ಕೊಯ್ದರೆ ಉದುರುತ್ತಿತ್ತು. ಅವಳದು ಎಷ್ಟು ತೆಳ್ಳಗೆ ಕೊಯ್ದರೂ ನಿಲ್ಲುತ್ತಿತ್ತು. ನಡುವೆ ಸಾಲಾಗಿಟ್ಟ ಬೇಯಿಸಿದ ಮೊಟ್ಟೆ ಪ್ರತಿ ಹೋಳಿನಲ್ಲೂ ಹಳದಿ ಕಣ್ಣು ಬಿಡುತ್ತಿತ್ತು. ಜೊತೆಗೆ ತೋಟದ ಲೆಟಿಸ್ ಎಲೆ, ಸೌತೆಕಾಯಿ, ಮೂಲಂಗಿ ಹೆಚ್ಚಿ ವಿನೆಗರ್ ಚಿಮುಕಿಸಿದ ಸಲಾಡ್. ಆ ಹುಳಿ ಇಲ್ಲದೆ ದ್ರೋಬ್ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವಳ ವಾದ. ಜೂನ್ ತಿಂಗಳ ಬಿಸಿಲಿಗೆ ಲೆಟಿಸ್ ಕಹಿಯಾಗದಿರಲೆಂದು ಈ ಸಲ ಪಾತಿಯ ಮೇಲೆ ಹಳೆಯ ಹೊದಿಕೆಯೊಂದನ್ನು ಕಟ್ಟಿದ್ದಳು.

ತಿಥಿಗೆ ದ್ರೋಬೇ ಆಗಬೇಕೆಂದು ಅವಳು ಯಾರಿಗೂ ಹೇಳದೆ ತನ್ನೊಳಗೇ ಹಟ ಹಿಡಿದಿದ್ದಳು. "ನಾನು ಊರಿಗೆಲ್ಲ ಬಡಿಸಿದ್ದು ಅದನ್ನೇ. ಅಲ್ಲಿ ಹೋಗಿ ಅದೇ ಇಲ್ಲ ಅಂದ್ರೆ ಹೇಗೆ? ನಿಸ್ತೋರ್ ಬೇರೆ ಕಾಯ್ತಾ ಕೂತಿರ್ತಾನೆ," ಎಂದು ಅವಳ ಲೆಕ್ಕ.

ಕಾಲುನೋವಿನಿಂದ ಅವಳು ಚಳಿಗಾಲದಿಂದ ಚರ್ಚಿಗೆ ಹೋಗಿರಲಿಲ್ಲ. ಆದರೂ ಕೋಲೂರಿಕೊಂಡು ಮನೆ ಮನೆಗೆ ಹೋಗಿ ಕರೆದು ಬಂದಳು. ಊಟಕ್ಕೆ ಏನು ಮಾಡುತ್ತೀ ಎಂದು ಯಾರೂ ಕೇಳಲಿಲ್ಲ. ತಿಥಿಯ ಊಟದ ಬಗ್ಗೆ ಹಾಗೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಒಂದು ಮನೆಯ ಒಳಗೆ ಮಾತ್ರ ಅವಳು ಹೋಗಲಿಲ್ಲ. ಅದು ನಿಸ್ತೋರನ ತಂಗಿ ರಾಫಿಲಾಳ ಮನೆ. ನಿಸ್ತೋರನ ವರ್ಷದ ತಿಥಿಗೆ ರಾಫಿಲಾ ಅಂಗಡಿಯ ಬಿಸ್ಕತ್ತಿನ ಪೊಟ್ಟಣ ತಂದದ್ದಕ್ಕೆ ದೊಮ್ನಿಕಾ ಎಲ್ಲರೆದುರು, "ನಿನ್ನಣ್ಣ ಏನು ಬಸ್ ಸ್ಟ್ಯಾಂಡಲ್ಲಿ ಕೂತಿದ್ದಾನೇನೇ?" ಎಂದಿದ್ದಳು. ಅಲ್ಲಿಂದ ಮಾತು ಬೇಲಿಯಾಚೆಯಿಂದಲೇ.

"ರಾಫಿಲಾ! ಶನಿವಾರ ನನ್ನ ತಿಥಿ. ಬರೋದಾದ್ರೆ ಬಾ."

"ಬದುಕಿರೋರ ತಿಥಿಗೆಲ್ಲ ನಾನು ಬರಲ್ಲ ಅತ್ತಿಗೆ. ಸತ್ತ ಮೇಲೆ ಬರ್ತೀನಿ, ಖಾತ್ರಿ ಮಾಡ್ಕೊಂಡು."

ಶುಕ್ರವಾರ ಕುರಿ ಸಾಕುವ ಗ್ಲಿಗೋರ್ ಎರಡು ಮರಿಗಳ ಒಳಾಂಗವನ್ನು ಬಕೆಟ್ಟಿನಲ್ಲಿ ತಂದುಕೊಟ್ಟ. "ಇಷ್ಟೂ ಒಬ್ಬಳೇ ಹೇಗೆ ಮುಗಿಸ್ತೀಯಾ ದೊಮ್ನಿಕಕ್ಕ?" ಎಂದು ನಕ್ಕ. "ಒಬ್ಬಳೇ ಯಾಕೆ? ಊರೇ ತಿನ್ನುತ್ತೆ," ಎಂದಳು ಅವಳು. ಅವನಿಗದು ತಮಾಷೆಯಂತೆ ಕೇಳಿಸಿತು. ಕಾಯಿಲೆಯವರಿಗೆ ಉಪವಾಸವಿಲ್ಲ, ರಕ್ತ ಕಮ್ಮಿಯಾಗಿ ಡಾಕ್ಟರು ಕಾರ್ಜ ತಿನ್ನಲು ಹೇಳಿರಬೇಕು ಎಂದುಕೊಂಡೆ ಎಂದು ಆಮೇಲೆ ಅವನು ಎಲ್ಲರಿಗೂ ಹೇಳಿದ.

ಶುಕ್ರವಾರ ವರ್ಷವಿಡೀ ಮಾಂಸ ಬಿಡುವ ದಿನ. ಹಾಗಾಗಿ ಉಪ್ಪು ನೋಡಲೆಂದು ಕೂಡ ಅವಳು ನಾಲಿಗೆಗೆ ಏನನ್ನೂ ತಾಗಿಸಲಿಲ್ಲ. ಕೊಚ್ಚಿದಳು, ಬೆರೆಸಿದಳು, ಪೊರೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಿ ತಗಡಿನ ಅಚ್ಚುಗಳಲ್ಲಿ ಹಾಸಿ ತುಂಬಿಟ್ಟಳು. ನಡುನಡುವೆ ಹೊಟ್ಟೆ ಹಿಡಿದುಕೊಂಡು ಮೇಜಿನ ಅಂಚಿಗೆ ಒರಗಿ ನಿಲ್ಲುತ್ತಿದ್ದಳಂತೆ. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ತನ್ನ ತಿಥಿಯ ಅಡುಗೆಯನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಹೆಣೆದ ರೊಟ್ಟಿಗಳನ್ನು ಸುಡುವ ಕೆಲಸವನ್ನಷ್ಟೇ ಅಮ್ಮನಿಗೆ ಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಅಮ್ಮ ಮತ್ತು ನಾನು ರೊಟ್ಟಿಯ ಬುಟ್ಟಿ ಹೊತ್ತು ಅವಳ ಗೇಟು ದಾಟಿದೆವು. ಅಂಗಳದಲ್ಲಿ ಬೆಂಚು ಬಿದ್ದಿದ್ದವು, ಮೇಜಿನ ಮೇಲೆ ಲೋಟಗಳನ್ನು ಸಾಲಾಗಿಟ್ಟಿದ್ದಳು. ಅಮ್ಮ ಎರಡು ಹೆಜ್ಜೆ ಇಟ್ಟವಳು ನಿಂತುಬಿಟ್ಟಳು.

"ಅಕ್ಕ, ಇದೇನು ಪರಿಮಳ?"

"ಇನ್ನೇನು? ದ್ರೋಬು. ಮೇಲ್ಭಾಗ ಈಗ ಕೆಂಪಾಗ್ತಿದೆ."

"ಉಪವಾಸದಲ್ಲಿ?"

"ಯಾವ ಉಪವಾಸ?"

"ಅಪೊಸ್ತಲರ ಉಪವಾಸ, ಅಕ್ಕ! ಸೋಮವಾರದಿಂದ ಶುರುವಾಗಿದೆಯಲ್ಲ!"

ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲದ ಆ ಉಪವಾಸದ ಸ್ವಭಾವವೇ ಹಾಗೆ. ಈಸ್ಟರ್ ಹಿಂದೆ ಮುಂದೆ ಸರಿದಂತೆ ಅದರ ಆರಂಭವೂ ಸರಿಯುತ್ತದೆ, ಮುಗಿಯುವ ದಿನ ಮಾತ್ರ ಪ್ರತಿ ವರ್ಷ ಜೂನ್ ಕೊನೆಗೆ ಬರುವ ಸಂತ ಪೇತ್ರನ ಹಬ್ಬ. ಹಿಂದಿನ ವರ್ಷ ಈಸ್ಟರ್ ಎಷ್ಟು ತಡವಾಗಿತ್ತೆಂದರೆ ಆ ಉಪವಾಸ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಜೂನ್ ಎಲ್ಲಾ ಮಾಂಸ ತಿಂದಿದ್ದೆವು. ದೊಮ್ನಿಕಾಳ ತಲೆಯಲ್ಲಿ ಅದೇ ಉಳಿದಿತ್ತು. ಚರ್ಚಿಗೆ ಹೋಗಿದ್ದರೆ ಹೋದ ಭಾನುವಾರವೇ ಪಾದ್ರಿ ಹೇಳಿದ್ದನ್ನು ಕೇಳಿರುತ್ತಿದ್ದಳು.

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮುಖದ ಬಣ್ಣ ಇಳಿಯಿತು. "ಗುರುವಾರ ನಾನು ಚೀಸ್ ತಿಂದೆನಲ್ಲೇ," ಎಂದಳು ಮೊದಲು. ಆಮೇಲೆ ನಿಧಾನವಾಗಿ ಬೆಂಚುಗಳ ಕಡೆ, ಲೋಟಗಳ ಕಡೆ ನೋಡಿದಳು. "ಹಾಗಾದ್ರೆ ಯಾರೂ ತಿನ್ನಲ್ವಾ?"

ಅಮ್ಮ ರೊಟ್ಟಿಯ ಬುಟ್ಟಿಯನ್ನು ಬೆಂಚಿನ ಮೇಲೆ ಇಳಿಸಿದಳು.

"ವೆತಾ, ಯಾರೂ ತಿನ್ನಲ್ವೇನೇ?"

"ದಿನ ಮುಂದೆ ಹಾಕಿದ್ರೆ?" ಎಂದು ನಾನು ಕೇಳಿದೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಎಲ್ಲಿಗೆ ಮುಂದೆ ಹಾಕ್ಲಿ ಮಗಳೇ? ಸೋಮವಾರ ಅವರು ನನ್ನ ಹೊಟ್ಟೆ ಕೊಯ್ತಾರೆ."

ಶನಿವಾರ ಮೀನಿಗೆ ಅಡ್ಡಿಯಿಲ್ಲ. ಅಮ್ಮ ನನ್ನನ್ನು ಅಂಗಡಿಗೆ ಓಡಿಸಿದಳು. ಅಲ್ಲಿದ್ದದ್ದು ಕೆಲವು ಡಬ್ಬಿ ಸಾರ್ಡೀನ್ ಮಾತ್ರ, ಅದೂ ಟೊಮೆಟೊ ಸಾಸಿನಲ್ಲಿ ಮುಳುಗಿದ್ದು. ತಂದು ಮೇಜಿನ ಮೇಲಿಟ್ಟಾಗ ದೊಮ್ನಿಕಾ ಆ ಡಬ್ಬಿಗಳನ್ನು ನೋಡಿದ ರೀತಿಗೆ ನನಗೆ ಅವನ್ನು ವಾಪಸ್ಸು ಎತ್ತಿಕೊಂಡು ಹೋಗಬೇಕೆನಿಸಿತು.

"ಅದನ್ನ ನನ್ನ ಮೇಜಿನಿಂದ ತೆಗಿ. ಅಲ್ಲಿ ಹೋಗಿ ಡಬ್ಬಿ ತೆರೆಯೋ ಚಾಕು ಎಲ್ಲಿ ಹುಡುಕಲಿ?"

ಅಮ್ಮ ನಮ್ಮ ಮನೆಯ ಹುರುಳಿಕಾಯಿ ಬೀಜದ ಸಾರಿನ ಪಾತ್ರೆ ತಂದಳು. ನಾನು ಹೊದಿಕೆ ಬಿಚ್ಚಿ ಲೆಟಿಸ್ ಪಾತಿಯನ್ನು ಪೂರಾ ಕಿತ್ತೆ. ಸೌತೆಕಾಯಿ, ಮೂಲಂಗಿ, ಈರುಳ್ಳಿ, ಕಿತ್ತದ್ದೆಲ್ಲ ತೊಳೆದು ಹೆಚ್ಚಿದೆವು. ಸಲಾಡ್ ಬಟ್ಟೆ ಒಗೆಯುವ ಬೋಗುಣಿಯಷ್ಟು ದೊಡ್ಡ ಪಾತ್ರೆಯಲ್ಲಿ ತುಂಬಿತು. ಎಳೆ ಎಲೆ, ಸಬ್ಬಸಿಗೆಯ ಪರಿಮಳ, ವಿನೆಗರಿನ ಹುಳಿ. ಬೇರೆ ದಿನವಾಗಿದ್ದರೆ ನೋಡಿದರೇ ಹಸಿವಾಗುವಂತಿತ್ತು.

"ಇದು ಸಾಕು ಅಕ್ಕ. ಸೊಪ್ಪು, ಸಾರು, ರೊಟ್ಟಿ. ದೇವರಿಗೆ ಮನಸ್ಸು ಮುಖ್ಯ."

"ಸೊಪ್ಪು!" ದೊಮ್ನಿಕಾಳ ದನಿ ಒಡೆಯಿತು. "ಕೊನೇವರೆಗೂ ಎಲೆ ಮೇಯೋಕೆ ನಾನೇನು ಮೊಲಾನಾ? ದುಡಿದು ದುಡಿದು ಬೆನ್ನು ಬಾಗಿದೆ. ನನ್ನ ಪಾಲಿಗೆ ಸೊಪ್ಪೇನೇ?"

ಒಲೆಯಿಂದ ದ್ರೋಬ್ ಹೊರಬಂತು. ಪೊರೆ ಬಂಗಾರದ ಬಲೆಯಂತೆ ಗರಿಗರಿಯಾಗಿತ್ತು. ಅಷ್ಟು ಚೆಂದವಾಗಿ ಯಾವ ಈಸ್ಟರಿಗೂ ಬಂದಿರಲಿಲ್ಲ. ಅವಳು ಅದರ ಮೇಲೆ ಬಿಳಿ ಬಟ್ಟೆ ಮುಚ್ಚಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಮುಚ್ಚಿದ ಹೆಣದ ಮುಂದೆ ಕೂತವಳಂತೆ ಅದನ್ನೇ ನೋಡುತ್ತಿದ್ದಳು.

ಪಾದ್ರಿ ಇರಿಮಿಯಾ ಬಂದ ಕೂಡಲೇ ಅವಳು ಅವರ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಗುರುಗಳೆ, ಈ ಒಂದು ದಿನ ಅನುಮತಿ ಕೊಡಿ. ತಪ್ಪು ನನ್ನದು, ಅವರದಲ್ಲ."

"ತಪ್ಪು ಗೊತ್ತಿಲ್ಲದೆ ಆದದ್ದು, ದೊಮ್ನಿಕಾ. ಅದಕ್ಕೆ ಕ್ಷಮೆ ಇದೆ. ಗೊತ್ತಿದ್ದೂ ತಿನ್ನಿ ಅಂತ ಊರಿಗೆಲ್ಲ ನಾನು ಹೇಗೆ ಹೇಳಲಿ?"

"ಒಂದೊಂದು ತುಂಡು, ಗುರುಗಳೆ. ಬೆರಳಷ್ಟು."

"ಫ್ರಿಜ್ಜಿನಲ್ಲಿಡಿ. ಸಂತ ಪೇತ್ರನ ಹಬ್ಬದ ದಿನ ಹಂಚಿಸೋಣ."

"ಅಷ್ಟರಲ್ಲಿ ನಾನೇ ಫ್ರಿಜ್ಜಿನಲ್ಲಿರ್ತೀನಿ."

ಪಾದ್ರಿ ಅವಳ ತಲೆಯ ಮೇಲೆ ಕೈಯಿಟ್ಟರು. ಒಳ್ಳೆಯ ಮನುಷ್ಯ, ಅವರ ಕಣ್ಣೂ ತುಂಬಿತ್ತು. ಆದರೆ ಕೈ ತೆಗೆದವರು ಅಂಗಳಕ್ಕೆ ಹೋಗಿ ರೊಟ್ಟಿಯ ಮೇಲೆ, ಸಾರಿನ ಮೇಲೆ, ಸಲಾಡಿನ ಮೇಲೆ ಪ್ರಾರ್ಥನೆ ಹೇಳಿದರು.

ಜನ ತುಂಬಿದ್ದರು. ವಿಷಯ ಅಷ್ಟರಲ್ಲಿ ಬೆಂಚಿನಿಂದ ಬೆಂಚಿಗೆ ಹರಡಿತ್ತು. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು, ಯಾರೂ ಅಡುಗೆಮನೆಯ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲ. ದ್ರೋಬಿನ ಪರಿಮಳ ಮಾತ್ರ ಕಿಟಕಿಯಿಂದ ಬಂದು ಪ್ರತಿಯೊಬ್ಬರ ಮೂಗಿನ ಮುಂದೆ ನಿಂತಿತ್ತು. ಗ್ಲಿಗೋರ್ ಒಬ್ಬನೇ "ಛೆ, ನನ್ನ ಮರಿಗಳು," ಎಂದು ಗೊಣಗಿದ. ಪಕ್ಕದವಳು ಅವನ ಪಕ್ಕೆಗೆ ತಿವಿದಳು. ದೊಮ್ನಿಕಾ ಕುಂಟುತ್ತ ಒಬ್ಬೊಬ್ಬರ ಮುಂದೆ ಬಂದು ರೊಟ್ಟಿ, ಲೋಟ, ಮೇಣದಬತ್ತಿ ಕೊಟ್ಟಳು. "ಇಲ್ಲಿ ನಿನಗೆ, ಅಲ್ಲಿ ನನಗೆ," ಎಂದಳು. "ದೇವರು ಕ್ಷಮಿಸಲಿ," ಎಂದು ಅವರು ಸಲಾಡ್ ಬಡಿಸಿಕೊಂಡರು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡು ತಿಂದರು, ತಟ್ಟೆಯಲ್ಲಿ ಒಂದೆಲೆ ಬಿಡಲಿಲ್ಲ. ಅದಕ್ಕಿಂತ ಹೆಚ್ಚು ಅವರಿಗೆ ಮಾಡಲು ಸಾಧ್ಯವಿರಲಿಲ್ಲ. ಅದನ್ನು ನೋಡಿ ಅವಳಿಗೆ ಅಳು ಇನ್ನೂ ಹೆಚ್ಚಾಯಿತು. ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಆಗ ಗೇಟಿನಲ್ಲಿ ರಾಫಿಲಾ ಕಾಣಿಸಿಕೊಂಡಳು.

ರಾಫಿಲಾಳ ಉಪವಾಸ ಊರಿಗೇ ಗೊತ್ತು. ಬುಧವಾರ ಶುಕ್ರವಾರ ಎಣ್ಣೆಯ ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವಳು ಅವಳು. ಬೇರೆಯವರ ಮನೆಯಲ್ಲಿ ಉಣ್ಣುವಾಗ ಪಾತ್ರೆ ಎತ್ತಿ ಮೂಸುತ್ತಾಳೆ. ಉಪವಾಸ ಮುರಿದವರ ಹೆಸರು ಅವಳ ನಾಲಿಗೆಯಲ್ಲಿ ಹಲವು ವರ್ಷ ಉಳಿಯುತ್ತದೆ. ಅವಳು ಕೂಡಲಿಲ್ಲ. ಬೆಂಚುಗಳ ನಡುವೆ ನಿಂತು ಗಾಳಿ ಮೂಸಿದಳು.

"ಓಹೋ. ಬಿಸ್ಕತ್ತಿಗೆ ನನ್ನ ಮಾನ ತೆಗೆದವಳು ಈಗ ಏನು ಬೇಯಿಸಿದ್ದಾಳೆ ನೋಡಿ! ಅಪೊಸ್ತಲರ ಬಾಯಿಗೆ ಕಾರ್ಜ!"

"ರಾಫಿಲಾ, ಇವತ್ತು ಬೇಡ," ಎಂದಳು ಅಮ್ಮ.

"ಯಾಕೆ ಬೇಡ? ಇವತ್ತಲ್ಲದೆ ಇನ್ಯಾವತ್ತು? ಎಲ್ಲಿದ್ದಾಳೆ ಅವಳು?"

ಅವಳು ನೇರ ಅಡುಗೆಮನೆಗೆ ನುಗ್ಗಿದಳು. ಏನಾದೀತೋ ಎಂದು ಅಮ್ಮ, ನಾನು ಹಿಂದೆಯೇ ಹೋದೆವು. ದೊಮ್ನಿಕಾ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ಹಿಂದೆ ಮುಂದೆ ತೂಗುತ್ತಿದ್ದಳು. ತಲೆಯೆತ್ತಿ ನಾದಿನಿಯನ್ನು ನೋಡಿದಳು.

"ನಗು ಬಾ," ಎಂದಳು. "ನಗೋದಕ್ಕೆ ತಾನೇ ಬಂದೆ?"

"ಹೌದು," ಎಂದಳು ರಾಫಿಲಾ. ಆದರೆ ನಗಲಿಲ್ಲ. ಅತ್ತಿಗೆಯ ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತಿದ್ದನ್ನು ನೋಡಿದಳು. ಬಿಳಿ ಬಟ್ಟೆ ಎತ್ತಿ ದ್ರೋಬನ್ನು ನೋಡಿದಳು.

"ಇವೆಲ್ಲ ನೀನೊಬ್ಬಳೇ ಮಾಡಿದೆಯಾ? ಈ ಸ್ಥಿತೀಲಿ?"

"ಇನ್ಯಾರು ಮಾಡ್ತಾರೆ?"

"ಹುಚ್ಚಿ."

"ಹುಚ್ಚಿಯೇ. ಒಬ್ಬರೂ ಮುಟ್ಟದ ಅಡುಗೆ ಮಾಡಿದೆ. ನಾನು ಬರಿಗೈಯಲ್ಲಿ ಹೋಗ್ತಿದ್ದೀನಿ ರಾಫಿಲಾ. ನಿಸ್ತೋರ್ ಕೇಳಿದ್ರೆ ಏನು ಹೇಳ್ಲಿ? ಸೊಪ್ಪು ತಂದೆ ಅನ್ಲಾ?" ಅವಳು ನಾದಿನಿಯ ಏಪ್ರನ್ನಿನ ಅಂಚು ಹಿಡಿದುಕೊಂಡಳು. ಆ ದೊಡ್ಡ ಗಂಟಲಿನಿಂದ ಪಿಸುಮಾತಷ್ಟೇ ಬಂತು. "ನನಗೆ ಭಯ ಆಗ್ತಿದೆ ಕಣೇ."

ರಾಫಿಲಾಳ ಕೆನ್ನೆ ಕೆಂಪಾಯಿತು, ಸಿಟ್ಟು ಬಂದಾಗ ಆಗುವಂತೆಯೇ. ಆಮೇಲೆ ಕುರ್ಚಿ ಎಳೆದು ಮೇಜಿಗೆ ಕೂತಳು.

"ಮೇಣದಬತ್ತಿ ಕೊಡು."

"ಏನು?"

"ಮೇಣದಬತ್ತಿ! ಲೋಟ, ರೊಟ್ಟಿ. ನನಗೆ ಕೊಟ್ಟಿಲ್ಲವಲ್ಲ? ಕೊಯ್ಯಿ ಅದನ್ನ. ಮೊಟ್ಟೆ ಇರೋ ಕಡೆ ಕೊಯ್ಯಿ, ಮೂಲೆ ಕೊಡಬೇಡ."

"ರಾಫಿಲಾ!" ಎಂದಳು ಅಮ್ಮ.

"ನೀನು ಸುಮ್ನಿರು ವೆತಾ. ಪಾಪ ನನ್ನದು, ಬಾಯಿ ನನ್ನದು."

ದೊಮ್ನಿಕಾ ಚಾಕುವನ್ನು ಎರಡೂ ಕೈಯಿಂದ ಹಿಡಿದು ಕೊಯ್ದಳು. ಹೋಳು ಉದುರಲಿಲ್ಲ. ನಾನು ಬತ್ತಿ ಹಚ್ಚಿದೆ. ದೊಮ್ನಿಕಾ ತಟ್ಟೆ ಮುಂದಿಟ್ಟು, "ಇಲ್ಲಿ ನಿನಗೆ," ಎಂದಳು. ಅಷ್ಟಕ್ಕೇ ನಿಲ್ಲಿಸಿದಳು.

"ಪೂರ್ತಿ ಹೇಳು. ಅರ್ಧಕ್ಕೆ ನಾನು ತಿನ್ನಲ್ಲ."

"ಅಲ್ಲಿ ನನಗೆ."

"ದೇವರು ಕ್ಷಮಿಸಲಿ," ಎಂದು ರಾಫಿಲಾ ಶಿಲುಬೆಯ ಗುರುತು ಹಾಕಿಕೊಂಡಳು. ಕಣ್ಣು ಮುಚ್ಚಿ ಬಾಯಿಗಿಟ್ಟಳು. ಅಗಿಯುವಾಗ ಅವಳ ಮುಖ ಔಷಧಿ ಕುಡಿಯುವವರಂತಿತ್ತು. ಎರಡನೆಯ ತುತ್ತಿಗೆ ಹಾಗಿರಲಿಲ್ಲ. ಅದಕ್ಕಾಗಿಯೇ ಇರಬೇಕು, ಅವಳ ಕಣ್ಣಿಂದ ನೀರು ಇಳಿಯತೊಡಗಿತು.

"ಉಪ್ಪು ಕಮ್ಮಿ," ಎಂದಳು.

"ನಿನ್ನೆ ಶುಕ್ರವಾರ. ರುಚಿ ನೋಡಲಿಲ್ಲ."

"ಗೊತ್ತಾಗುತ್ತೆ."

ತಟ್ಟೆ ಖಾಲಿಯಾಯಿತು. ದೊಮ್ನಿಕಾ ಖಾಲಿ ತಟ್ಟೆಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಹಸಿದ ಮಗು ಕೇಳುವಂತೆ, "ಒಂದು ಹೋಳು ಎಷ್ಟು ದಿನಕ್ಕೆ ಬರುತ್ತೆ ರಾಫಿಲಾ?" ಎಂದಳು.

ಯಾರಿಗೆ ಗೊತ್ತು? ಅಂಥ ಪ್ರಶ್ನೆಯನ್ನು ಯಾರೂ ಅದುವರೆಗೆ ಕೇಳಿರಲಿಲ್ಲ. ರಾಫಿಲಾ ತಟ್ಟೆಯನ್ನು ಮುಂದೆ ತಳ್ಳಿದಳು.

"ಕೊಯ್ಯಿ ಇನ್ನೊಂದು. ನನ್ನಣ್ಣನೂ ಇದ್ದಾನಲ್ಲ ಅಲ್ಲಿ, ಅವನೇನು ನಿನಗೆ ಉಳಿಸ್ತಾನಾ?"

ಎರಡನೆಯದನ್ನು ತಿಂದಳು. ಮೂರನೆಯದಕ್ಕೆ ಅವಳಿಗೆ ಉಸಿರು ಕಟ್ಟಿತು. "ಆ ಸೊಪ್ಪು ಕೊಡು ಇತ್ತ, ಕೊಬ್ಬು ಗಂಟಲಿಗೆ ಹಿಡೀತು," ಎಂದಳು. ನಾನು ಅಂಗಳಕ್ಕೆ ಓಡಿ ಪಾತ್ರೆಯ ತಳದಲ್ಲಿ ಉಳಿದಿದ್ದ ಸಲಾಡನ್ನು ತಂದೆ. ಕಿಟಕಿ ತೆರೆದಿತ್ತು, ಎಲ್ಲರಿಗೂ ಎಲ್ಲವೂ ಕೇಳಿಸಿತ್ತು. ಪಾದ್ರಿ ಇರಿಮಿಯಾ ತಲೆ ತಗ್ಗಿಸಿ ರೊಟ್ಟಿಯ ಚೂರುಗಳನ್ನು ಬೆರಳಿನಿಂದ ಒಂದೆಡೆ ಸೇರಿಸುತ್ತಿದ್ದರು. ಬೇರೆ ಯಾರೂ ಎದ್ದು ಒಳಗೆ ಬರಲಿಲ್ಲ. ಬರಬಹುದೆಂದು ದೊಮ್ನಿಕಾ ಒಂದೆರಡು ಸಲ ಬಾಗಿಲ ಕಡೆ ನೋಡಿದಳು.

ರಾಫಿಲಾ ಮೂರನೆಯ ಹೋಳಿನ ಕೊನೆಯ ತುಣುಕನ್ನು ಲೆಟಿಸ್ ಎಲೆಯಲ್ಲಿ ಸುತ್ತಿ ನುಂಗಿದಳು. ನಾಲ್ಕನೆಯದನ್ನು ಕೊಯ್ಯಲು ದೊಮ್ನಿಕಾ ಚಾಕು ಎತ್ತಿದ್ದಳು.

"ಸಾಕು ಅತ್ತಿಗೆ. ಇನ್ನೊಂದು ಹಾಕಿದ್ರೆ ನಿನಗಿಂತ ಮುಂಚೆ ನಾನೇ ಅಲ್ಲಿರ್ತೀನಿ. ಆಮೇಲೆ ಬಾಗಿಲಲ್ಲಿ ನಿಂತು ಬಿಸ್ಕತ್ತು ಕೊಡ್ತೀನಿ ನೋಡು."

ದೊಮ್ನಿಕಾ ನಕ್ಕಳು. ನಗು ಬಂದ ಕೂಡಲೇ ಹೊಟ್ಟೆ ನೊಂದು ಮುದುಡಿದಳು. ರಾಫಿಲಾ ಎದ್ದು ಅವಳನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಮರುದಿನ ಚರ್ಚಿನಲ್ಲಿ, ಉಪವಾಸ ಮುರಿದವರು ಮುಟ್ಟಬಾರದ ಪ್ರಸಾದಕ್ಕೆ ಎಲ್ಲರೂ ಮುಂದೆ ಹೋದಾಗ ರಾಫಿಲಾ ಹಿಂದಿನ ಗೋಡೆಗೆ ಒತ್ತಿ ನಿಂತಿದ್ದಳು. ನನ್ನ ನೆನಪಿನಲ್ಲಿ ಅವಳು ಅಲ್ಲಿ ನಿಂತದ್ದು ಅದೇ ಮೊದಲು. ಯಾಕೆಂದು ಯಾರೂ ಕೇಳಲಿಲ್ಲ. ತಿರುಗಿ ನೋಡಿದವರನ್ನೆಲ್ಲ ಅವಳು ಗುರಾಯಿಸಿದಳು.

ಸೋಮವಾರ ಬೆಳಿಗ್ಗೆ ಗ್ಲಿಗೋರನ ಕಾರು ಬಂತು. ದೊಮ್ನಿಕಾ ಹಿಂದಿನ ಸೀಟಿನಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರಾಫಿಲಾ ಕಿಟಕಿಯ ಹತ್ತಿರ ಬಂದಳು.

"ಮೂರು ಹೋಳು," ಎಂದಳು ದೊಮ್ನಿಕಾ. ಅವಳ ತುಟಿ ಒಣಗಿತ್ತು. "ಸಾಕಾಗುತ್ತಾ?"

"ವಾಪಸ್ ಬಂದ್ರೆ ಬೇಕೇ ಆಗಲ್ಲ."

"ಬರದಿದ್ರೆ?"

ರಾಫಿಲಾ ಕಾರಿನ ಬಾಗಿಲನ್ನು ಸರಿಯಾಗಿ ಮುಚ್ಚಿದಳು. "ಬರದಿದ್ರೆ ಮಿಕ್ಕಿದ್ದೂ ಫ್ರಿಜ್ಜಿನಲ್ಲಿದೆ. ಪೇತ್ರನ ಹಬ್ಬ ಬರ್ಲಿ, ಒಬ್ಬೊಬ್ಬರ ಬಾಯಿಗೂ ನಾನೇ ತುರುಕ್ತೀನಿ. ಹೋಗು."